ಥ್ರೀ ಡಾಗ್ ನೈಟ್: ಬ್ಯಾಂಡ್ ಅನ್ನೋಣವೇ, ಆರ್ಕೆಸ್ಟ್ರಾ ಅನ್ನೋಣವೇ?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಕಾಲೇಜಿನಲ್ಲಿ ಹಾಡುವ ತಂಡ ಕಟ್ಟಿಕೊಂಡಿದ್ದೇವೆ. ಇತ್ತೀಚೆಗೆ ಥ್ರೀ ಡಾಗ್ ನೈಟ್ ಎಂಬ ಹಳೆಯ ಅಮೆರಿಕನ್ ತಂಡದ ಹಾಡುಗಳು ಕಿವಿಗೆ ಬಿದ್ದವು. ಅಲ್ಲೂ ಮೂವರು ಹಾಡುಗಾರರು. ಆದರೆ ಒಂದು ಹಾಡು ರೆಗ್ಗೆ, ಇನ್ನೊಂದು ಸೋಲ್, ಮತ್ತೊಂದು ಹಾರ್ಡ್ ರಾಕ್. ಬರೆದವರೆಲ್ಲ ಹೊರಗಿನವರು. ಸಾಲಾಗಿ 21 ಹಿಟ್ ಕೊಟ್ಟ ಈ ತಂಡವನ್ನು ಬೀಟಲ್ಸ್, ಈಗಲ್ಸ್ ಹೆಸರು ಹೇಳುವಾಗ ಯಾಕೆ ಯಾರೂ ನೆನೆಯುವುದಿಲ್ಲ? ಇವರದು ನಿಜವಾದ ಬ್ಯಾಂಡೇ, ಅಥವಾ ನಮ್ಮ ಗಣೇಶನ ಹಬ್ಬದ ಆರ್ಕೆಸ್ಟ್ರಾ ಥರವೇ? ನಮಗೂ ಸ್ವಂತ ಹಾಡಿಲ್ಲ ಎಂದು ಕೆಲವರು ಮೂಗು ಮುರಿಯುತ್ತಾರೆ, ಅದಕ್ಕೇ ಕೇಳುತ್ತಿದ್ದೇನೆ.

ಉತ್ತರ: ಬ್ಯಾಂಡೇ, ಅದರಲ್ಲಿ ಅನುಮಾನ ಬೇಡ. ಹಾಗೆಂದು ನಿಮ್ಮ ಆರ್ಕೆಸ್ಟ್ರಾ ಪ್ರಶ್ನೆಯನ್ನು ತಮಾಷೆ ಎಂದು ತಳ್ಳಿಹಾಕುವ ಹಾಗೂ ಇಲ್ಲ. ಅಮೆರಿಕದ ರಾಕ್ ವಿಮರ್ಶಕರು ಈ ತಂಡದ ಮೇಲೆ ಹೊರಿಸಿದ್ದೂ ಹೆಚ್ಚುಕಡಿಮೆ ಇದೇ ಆರೋಪ. ಪೆಂಡಾಲಿನ ಆರ್ಕೆಸ್ಟ್ರಾದವರು ಎಲ್ಲರಿಗೂ ಗೊತ್ತಿರುವ ಹಾಡನ್ನು ಗೊತ್ತಿರುವ ಹಾಗೇ ಹಾಡುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಎಸ್‌ಪಿಬಿಯೇ ಬಂದು ನಿಂತ ಹಾಗಿರಬೇಕು, ಶಿಳ್ಳೆ ಬೀಳುವುದು ಅದಕ್ಕೇ. ಥ್ರೀ ಡಾಗ್ ನೈಟ್‌ನವರು ಹಿಡಿದದ್ದು ಇದಕ್ಕೆ ತಿರುಗುಮುರುಗಾದ ದಾರಿ. ಬಹುಪಾಲು ಜನ ಕೇಳಿಯೇ ಇರದ ಹಾಡನ್ನು ಎಲ್ಲಿಂದಲೋ ಹುಡುಕಿ ತಂದು, ಬಿಚ್ಚಿ, ತಮ್ಮ ಮೂರು ಕಂಠಕ್ಕೆ ಹೊಂದುವಂತೆ ಮತ್ತೆ ಜೋಡಿಸಿ ಹಾಡುತ್ತಿದ್ದರು. ಆಮೇಲೆ ಮೂಲ ಧ್ವನಿಮುದ್ರಿಕೆ ಕೇಳಿದವರಿಗೆ ಅದೇ ಯಾವುದೋ ಕರಡುಪ್ರತಿ ಇದ್ದ ಹಾಗೆ ಅನ್ನಿಸುತ್ತಿತ್ತು. ಹಾಡು ಆರಿಸುವುದು, ಅದಕ್ಕೆ ಸರಿಯಾದ ಗಂಟಲನ್ನು ಆರಿಸುವುದು: ಇವರ ಕಸುಬು ಇದು. ಇದು ಕೈಹಿಡಿದಷ್ಟು ದಿನ ಗೆದ್ದರು, ಕೈತಪ್ಪಿದಾಗ ಸೋತರು.

ಮೊದಲು ಆ ಮೂವರು ಯಾರೆಂದು ಹೇಳಿಬಿಡುತ್ತೇನೆ. ಡ್ಯಾನಿ ಹಟನ್ ಹುಟ್ಟಿದ್ದು ಐರ್ಲೆಂಡಿನ ಬಂಕ್ರಾನಾದಲ್ಲಿ, ಬೆಳೆದದ್ದು ಅಮೆರಿಕದಲ್ಲಿ. ಕಾರ್ಟೂನ್ ಕಂಪನಿ ಹಾನಾ-ಬಾರ್ಬೆರಾದವರು ಒಂದು ರೆಕಾರ್ಡ್ ಲೇಬಲ್ ನಡೆಸುತ್ತಿದ್ದರು, ಅಲ್ಲಿ ಕೆಲಸ ಮಾಡುತ್ತಲೇ 1965ರಲ್ಲಿ ಒಂದು ಸಣ್ಣ ಹಿಟ್ ಕೊಟ್ಟಿದ್ದ. ಕೋರಿ ವೆಲ್ಸ್ ನ್ಯೂಯಾರ್ಕ್ ರಾಜ್ಯದ ಬಫೆಲೋದವನು. ಲಾಸ್ ಏಂಜಲಿಸ್‌ನ ಹೆಸರಾಂತ ಕ್ಲಬ್ ವಿಸ್ಕಿ ಅ ಗೋ ಗೋದಲ್ಲಿ ಹಾಡಿ ಪಳಗಿದವನು, ಕರಿಯರ ಬ್ಲೂಸ್ ಮತ್ತು ಸೋಲ್ ಅವನಿಗೆ ಮೈಗೂಡಿತ್ತು. ಚಕ್ ನೆಗ್ರಾನ್ ನ್ಯೂಯಾರ್ಕಿನ ಬ್ರಾಂಕ್ಸ್ ಹುಡುಗ, ಬ್ಯಾಸ್ಕೆಟ್‌ಬಾಲ್ ಆಟಗಾರ. ಮೇಲಿನ ಸ್ವರಗಳಲ್ಲೂ ತೆಳುವಾಗದ, ಬಿರಿಯದ ಕಂಠ ಅವನದು. ವೆಲ್ಸ್‌ನ ದನಿಯಲ್ಲಿ ಮರಳಿನಂಥ ಒರಟು. ಹಟನ್ ಇವರಿಬ್ಬರಿಗಿಂತ ಮೃದು, ಮೂರು ದನಿಗಳನ್ನು ಹೇಗೆ ಹೆಣೆಯಬೇಕೆಂಬ ಲೆಕ್ಕಾಚಾರ ಅವನಿಗೆ ಚೆನ್ನಾಗಿ ಗೊತ್ತಿತ್ತು.

1967ರಲ್ಲಿ ಒಟ್ಟು ಸೇರಿದ ಇವರನ್ನು ಮೊದಲು ಸ್ಟುಡಿಯೋಗೆ ಕರೆದುಕೊಂಡು ಹೋದವನು ಸಾಮಾನ್ಯನಲ್ಲ, ಹೆಸರಾಂತ ಅಮೆರಿಕನ್ ತಂಡ ಬೀಚ್ ಬಾಯ್ಸ್‌ನ ಬ್ರಯಾನ್ ವಿಲ್ಸನ್. ಆಗ ಇವರ ಹೆಸರು ರೆಡ್‌ವುಡ್. ವಿಲ್ಸನ್ ತನ್ನ ಎರಡು ಹಾಡುಗಳನ್ನು, 'ಡಾರ್ಲಿನ್' ಮತ್ತು 'ಟೈಮ್ ಟು ಗೆಟ್ ಅಲೋನ್', ಇವರಿಗಾಗಿ ಸಿದ್ಧಪಡಿಸಿದ. ಬೀಚ್ ಬಾಯ್ಸ್‌ನ ಉಳಿದವರು ಬಿಡಲಿಲ್ಲ. ನಮ್ಮ ಮನೆಯ ಹಾಡು ಪಕ್ಕದವರಿಗೆ ಯಾಕೆ ಎಂದು ಎರಡನ್ನೂ ವಾಪಸ್ ತೆಗೆದುಕೊಂಡರು. 'ಡಾರ್ಲಿನ್' ಅದೇ ವರ್ಷ ಬೀಚ್ ಬಾಯ್ಸ್ ಹೆಸರಿನಲ್ಲೇ ಬಂದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 19ನೇ ಸ್ಥಾನ ಮುಟ್ಟಿತು. ಸ್ವಂತ ಹಾಡಿಲ್ಲದ ತಂಡದ ಪಾಡು ಏನೆಂದು ಈ ಮೂವರಿಗೆ ಮೊದಲ ಮೆಟ್ಟಿಲಲ್ಲೇ ಗೊತ್ತಾಯಿತು. ಆದರೂ ಅವರು ಪೆನ್ನು ಹಿಡಿದು ಕೂರಲಿಲ್ಲ, ಬೇರೆಯವರ ಹಾಡನ್ನೇ ಹುಡುಕುತ್ತಾ ಹೊರಟರು. ಈ ಹಟ ನನಗೆ ಇಷ್ಟ.

ಹೆಸರಿನ ಬಗ್ಗೆ ಒಂದು ಮಾತು. ಆಸ್ಟ್ರೇಲಿಯಾದ ಮೂಲನಿವಾಸಿಗಳು ಚಳಿಯ ರಾತ್ರಿಗಳಲ್ಲಿ ನಾಯಿಗಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದರಂತೆ. ಕಡುಚಳಿ ಎಂದರೆ ಮೂರು ನಾಯಿ ಬೇಕಾಗುವ ರಾತ್ರಿ. ಎಲ್ಲೋ ಓದಿದ ಈ ಸಂಗತಿಯನ್ನು ಹಟನ್‌ನ ಅಂದಿನ ಗೆಳತಿ, ನಟಿ ಜೂನ್ ಫೇರ್‌ಚೈಲ್ಡ್ ಹೇಳಿದ್ದು ಎಂಬುದು ತಂಡದವರ ಮಾತು. ಮೂವರು ಹಾಡುಗಾರರಿಗೆ ಹೆಸರು ಅಂಟಿಕೊಂಡಿತು. ಬೆನ್ನಿಗೆ ನಾಲ್ವರು ವಾದ್ಯಗಾರರು ಸೇರಿದರು: ಕೀಬೋರ್ಡಿಗೆ ಜಿಮ್ಮಿ ಗ್ರೀನ್‌ಸ್ಪೂನ್, ಗಿಟಾರಿಗೆ ಮೈಕಲ್ ಆಲ್ಸಪ್, ಬೇಸಿಗೆ ಜೋ ಶರ್ಮಿ, ಡ್ರಮ್ಸಿಗೆ ಕೆನಡಾದ ಫ್ಲಾಯ್ಡ್ ಸ್ನೀಡ್. ಈ ನಾಲ್ವರನ್ನು ಮರೆತರೆ ಈ ತಂಡ ಅರ್ಥವಾಗುವುದಿಲ್ಲ. ಅಂದಿನ ಬಹಳಷ್ಟು ಗಾಯನ ತಂಡಗಳು ಸ್ಟುಡಿಯೋದಲ್ಲಿ ಬಾಡಿಗೆ ವಾದ್ಯಗಾರರನ್ನು ಇಟ್ಟುಕೊಂಡು ರೆಕಾರ್ಡ್ ಮಾಡಿ, ಊರೂರು ತಿರುಗುವಾಗ ಯಾರನ್ನೋ ಜೊತೆಗೆ ಹಾಕಿಕೊಳ್ಳುತ್ತಿದ್ದವು. ಇವರು ಏಳು ಜನ ಒಂದೇ ತಂಡವಾಗಿ ಸ್ಟುಡಿಯೋದಲ್ಲೂ ವೇದಿಕೆಯಲ್ಲೂ ನಿಂತರು. ನೀವು ಕೇಳಿದ 'ಬ್ಯಾಂಡೇ?' ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು.

ಡನ್‌ಹಿಲ್ ಎಂಬ ರೆಕಾರ್ಡ್ ಕಂಪನಿ 1968ರ ಕೊನೆಗೆ ಮೊದಲ ಆಲ್ಬಂ ಹೊರತಂದಿತು. ಅದರಿಂದ ಮೊದಲು ಸದ್ದು ಮಾಡಿದ ಹಾಡು 'ಟ್ರೈ ಎ ಲಿಟ್ಲ್ ಟೆಂಡರ್‌ನೆಸ್', 29ನೇ ಸ್ಥಾನ. ವೆಲ್ಸ್ ಅದನ್ನು ಚೆನ್ನಾಗಿಯೇ ಹಾಡಿದ್ದಾನೆ. ಆದರೆ ಓಟಿಸ್ ರೆಡಿಂಗ್ ಎರಡು ವರ್ಷ ಮೊದಲು ಹಾಡಿದ್ದನ್ನು ಕೇಳಿದವರಿಗೆ ಇದು ನೆರಳಷ್ಟೇ. ಹಾಡು ಮೆಲ್ಲಗೆ ಶುರುವಾಗಿ ಕೊನೆಗೆ ಹುಚ್ಚೆದ್ದು ಕುಣಿಯುವ ಆ ಕಟ್ಟಡವೇ ರೆಡಿಂಗ್‌ನದು. ಇದೊಂದೇ ಇದ್ದಿದ್ದರೆ ನಿಮ್ಮ ಆರ್ಕೆಸ್ಟ್ರಾ ಮಾತಿಗೆ ನಾನು ಹೂಂ ಅನ್ನುತ್ತಿದ್ದೆ.

ಆಮೇಲೆ ಬಂತು 'ಒನ್'. ಇದನ್ನು ನೀವು ಎರಡೂ ಆವೃತ್ತಿಯಲ್ಲಿ ಒಂದರ ಹಿಂದೆ ಒಂದು ಕೇಳಬೇಕು. ಬರೆದವನು ಹ್ಯಾರಿ ನಿಲ್ಸನ್. ಫೋನ್ ಮಾಡಿದಾಗ ಲೈನ್ ಎಂಗೇಜ್ ಇದ್ದು ಟೂಂ, ಟೂಂ, ಟೂಂ ಎಂದು ಬಡಿಯುತ್ತಲೇ ಇತ್ತು, ರಿಸೀವರ್ ಕೆಳಗಿಡದೆ ಅದೇ ಸದ್ದಿಗೆ ಹಾಡು ಕಟ್ಟಿದ ಎಂದು ಪ್ರತೀತಿ. ನಿಲ್ಸನ್‌ನ 1968ರ ಧ್ವನಿಮುದ್ರಿಕೆಯಲ್ಲಿ ಆ ಬಡಿತ ಕೊನೆಯವರೆಗೂ ತಣ್ಣಗೇ ಇರುತ್ತದೆ. ಒಂಟಿತನವನ್ನು ಒಪ್ಪಿಕೊಂಡು ಕೂತವನ ಹಾಡು ಅದು. ಥ್ರೀ ಡಾಗ್ ನೈಟ್‌ನವರು ಕೀಬೋರ್ಡಿನ ಬಡಿತವನ್ನು ಹಾಗೇ ಇಟ್ಟುಕೊಂಡು ಉಳಿದದ್ದನ್ನೆಲ್ಲ ಬದಲಿಸಿದರು. ನೆಗ್ರಾನ್ ಮೊದಲ ಸಾಲನ್ನು ಯಾರಿಗೋ ಗುಟ್ಟು ಹೇಳುವವನಂತೆ ಹಾಡುತ್ತಾನೆ. ಡ್ರಮ್ಸ್ ಒಳಗೆ ಬಂದಾಗ ದನಿ ಒಂದು ಮೆಟ್ಟಿಲು ಹತ್ತುತ್ತದೆ. ಹಿಂದಿನಿಂದ ಉಳಿದಿಬ್ಬರ ದನಿ ಸೇರುತ್ತದೆ. ಕೊನೆಯ ಅರ್ಧ ನಿಮಿಷದಲ್ಲಿ ಅವನು ಅದೇ ಮಾತನ್ನು ಕೂಗಿ ಕೂಗಿ ಹೇಳುತ್ತಿರುತ್ತಾನೆ, ಒಂಟಿತನ ಒಪ್ಪಿಗೆಯಿಲ್ಲದವನ ಹಾಗೆ. ಸಾಹಿತ್ಯ ಅದೇ, ರಾಗವೂ ಅದೇ, ಹಾಡುವ ಮನುಷ್ಯ ಮಾತ್ರ ಬೇರೆ. 1969ರಲ್ಲಿ ಈ ಹಾಡು 5ನೇ ಸ್ಥಾನಕ್ಕೆ ಏರಿ ಗೋಲ್ಡ್ ಡಿಸ್ಕ್ ಗಳಿಸಿತು. ಅಂದಿನ ಲೆಕ್ಕದಲ್ಲಿ ಸಿಂಗಲ್‌ಗೆ, ಅಂದರೆ ಒಂದು ಹಾಡಿಗೆಂದೇ ಬಿಡಿಯಾಗಿ ಮಾರುವ ರೆಕಾರ್ಡಿಗೆ, ಗೋಲ್ಡ್ ಎಂದರೆ 10 ಲಕ್ಷ ಪ್ರತಿ.

ಹಾಡು ಆರಿಸುವ ಇವರ ಕಣ್ಣು ಎಷ್ಟು ಚುರುಕು ಎಂಬುದಕ್ಕೆ ಅದೇ ವರ್ಷದ ಎರಡನೆಯ ಆಲ್ಬಂ 'ಸೂಟಬಲ್ ಫಾರ್ ಫ್ರೇಮಿಂಗ್' ನೋಡಿ. 'ಹೇರ್' ಎಂಬ ರಂಗನಾಟಕದಿಂದ 'ಈಸಿ ಟು ಬಿ ಹಾರ್ಡ್', ಲಾರಾ ನೈರೋ ಎಂಬ ಹುಡುಗಿ ಬರೆದ 'ಈಲೈಸ್ ಕಮಿಂಗ್', ಇಂಗ್ಲೆಂಡಿನಲ್ಲಿ ಓಡದೆ ಬಿದ್ದಿದ್ದ 'ಲೇಡಿ ಸಮಾಂತಾ'. ಈ ಕೊನೆಯದನ್ನು ಬರೆದವರು ಎಲ್ಟನ್ ಜಾನ್ ಮತ್ತು ಬರ್ನಿ ಟಾಪಿನ್, ಅಮೆರಿಕದಲ್ಲಿ ಆಗ ಹೇಳಹೆಸರಿಲ್ಲದವರು. ಮರುವರ್ಷದ ಆಲ್ಬಮ್ಮಿನಲ್ಲಿ ಅದೇ ಜೋಡಿಯ 'ಯುವರ್ ಸಾಂಗ್' ಕೂಡ ಇತ್ತು, ಎಲ್ಟನ್ ಜಾನ್ ಅದನ್ನು ಜಗತ್ತಿಗೆಲ್ಲ ಹಾಡಿ ತೋರಿಸುವುದಕ್ಕೂ ಮೊದಲು. ಇವರು ಅದನ್ನು ಸಿಂಗಲ್ ಆಗಿ ಬಿಡಲಿಲ್ಲ. ರ‍್ಯಾಂಡಿ ನ್ಯೂಮನ್, ಪಾಲ್ ವಿಲಿಯಮ್ಸ್, ಹಾಯ್ಟ್ ಆಕ್ಸ್‌ಟನ್, ಲಿಯೋ ಸೇಯರ್, ಜಾನ್ ಹಯಾಟ್: ಆಮೇಲೆ ದೊಡ್ಡ ಹೆಸರಾದ ಎಷ್ಟೋ ಜನರ ಹಾಡು ಅಮೆರಿಕದ ಮನೆಮನೆಯ ರೇಡಿಯೋ ತಲುಪಿದ್ದು ಇವರ ದನಿಯಲ್ಲಿ.

'ಈಲೈಸ್ ಕಮಿಂಗ್' ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಮೂವರು ಹಾಡುವ ತಂಡಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಆರಂಭದಲ್ಲಿ ಲಯವೇ ಇಲ್ಲ ಅನ್ನುವಷ್ಟು ನಿಧಾನ. ಆರ್ಗನ್ ಹಿಡಿದ ಸ್ವರದ ಮೇಲೆ ಮೂರು ದನಿಗಳು ಚರ್ಚಿನ ಹಾಡಿನಂತೆ ತೂಗುತ್ತವೆ. ಈಲೈ ಎಂಬುವನು ಬರುತ್ತಿದ್ದಾನೆ, ಮನಸ್ಸು ಜೋಪಾನ ಎಂಬ ಎಚ್ಚರಿಕೆ. ತಟ್ಟನೆ ಸ್ನೀಡ್‌ನ ಡ್ರಮ್ಸ್ ಶುರುವಾಗಿ ಹಾಡು ಓಡಲು ಹಿಡಿಯುತ್ತದೆ. ವೆಲ್ಸ್ ಮುಂದೆ, ಉಳಿದಿಬ್ಬರು ಅವನ ಬೆನ್ನು ಹತ್ತಿದವರಂತೆ. ಕೊನೆಗೆ ಒಬ್ಬರ ಸಾಲು ಮುಗಿಯುವ ಮೊದಲೇ ಇನ್ನೊಬ್ಬರ ಸಾಲು ಬಂದು ಬೀಳುತ್ತದೆ. ಮೂವರೂ ಒಂದೇ ಗಟ್ಟಿಯಲ್ಲಿ ಹಾಡಿದರೂ ಯಾರ ಮಾತೂ ಕಲಸಿಹೋಗುವುದಿಲ್ಲ, ಏಕೆಂದರೆ ಒಬ್ಬೊಬ್ಬರೂ ಬೇರೆ ಬೇರೆ ಎತ್ತರದಲ್ಲಿದ್ದಾರೆ. ಹಾರ್ಮನಿ ಎಂದ ಕೂಡಲೇ ದನಿಗಳು ಒಂದರಲ್ಲೊಂದು ಕರಗಬೇಕು ಎಂದುಕೊಳ್ಳುವವರು ಬಹಳ. ಬೀಚ್ ಬಾಯ್ಸ್ ಹಾಗೆ ಕರಗುತ್ತಿದ್ದರು. ಇವರು ಕರಗಲಿಲ್ಲ, ಒಬ್ಬರಿಗೊಬ್ಬರು ಜಗ್ಗಾಡಿದರು. ಇವರ ಸದ್ದಿನ ಗುಟ್ಟು ಅಲ್ಲಿದೆ.

1970ರ ಜುಲೈ ಮೊದಲ ವಾರ ಅಮೆರಿಕದಲ್ಲಿ 'ಅಮೆರಿಕನ್ ಟಾಪ್ 40' ಎಂಬ ರೇಡಿಯೋ ಕಾರ್ಯಕ್ರಮ ಶುರುವಾಯಿತು. ಕೇಸಿ ಕೇಸಮ್ ನಡೆಸಿಕೊಟ್ಟ ಆ ಮೊದಲ ಕಂತಿನಲ್ಲಿ ನಂಬರ್ ಒನ್ ಎಂದು ಕೇಳಿಬಂದದ್ದು ಇವರ 'ಮಾಮಾ ಟೋಲ್ಡ್ ಮಿ ನಾಟ್ ಟು ಕಮ್'. ರ‍್ಯಾಂಡಿ ನ್ಯೂಮನ್ ಬರೆದ ಹಾಡು. ಅಮ್ಮ ಬೇಡ ಅಂದರೂ ಪಾರ್ಟಿಗೆ ಬಂದ ಸೀದಾಸಾದಾ ಹುಡುಗನೊಬ್ಬ ಅಲ್ಲಿನ ಹೊಗೆ, ಕುಡಿತ, ಗಲಾಟೆ ನೋಡಿ ಕಂಗಾಲಾಗುತ್ತಾನೆ. ನ್ಯೂಮನ್ ಹಾಡಿದರೆ ಅದು ಒಣ ಹಾಸ್ಯ. ವೆಲ್ಸ್ ಅದನ್ನು ಅರ್ಧ ಮಾತು, ಅರ್ಧ ಹಾಡು ಮಾಡಿ, ಬೆವರು ಒರೆಸಿಕೊಳ್ಳುತ್ತಾ ಬಾಗಿಲು ಹುಡುಕುವ ಹುಡುಗನೇ ಆಗಿಬಿಡುತ್ತಾನೆ. ಕೆಳಗೆ ಎಲೆಕ್ಟ್ರಿಕ್ ಪಿಯಾನೋದ ಫಂಕ್ ಬಡಿತ. ಹಾಡಿನೊಳಗಿನ ಹುಡುಗನಿಗೆ ಪಾರ್ಟಿ ಬೇಡ, ಕೇಳುವವರಿಗೆ ಮಾತ್ರ ಕುಣಿಯಬೇಕು ಅನ್ನಿಸುತ್ತದೆ.

ಮುಂದಿನ ನಂಬರ್ ಒನ್ ಕಥೆ ಎಲ್ಲರಿಗೂ ಗೊತ್ತಿರುವುದೇ. 'ಜಾಯ್ ಟು ದ ವರ್ಲ್ಡ್'. ಹೆಸರು ನೋಡಿ ಕ್ರಿಸ್‌ಮಸ್ ಹಾಡೆಂದು ಡಿಸೆಂಬರಿನಲ್ಲಿ ಹಾಕುವವರು ಇದ್ದಾರೆ, ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಹಾಯ್ಟ್ ಆಕ್ಸ್‌ಟನ್ ಇವರ ಕಾರ್ಯಕ್ರಮಗಳಲ್ಲಿ ಮೊದಲಿಗೆ ಹಾಡುತ್ತಿದ್ದ ಗಾಯಕ. ಮಕ್ಕಳ ಟಿವಿ ಕಾರ್ಯಕ್ರಮಕ್ಕೆಂದು ಕಟ್ಟಿದ ಈ ಹಾಡನ್ನು ಇವರ ಮುಂದೆ ಹಾಡಿ ತೋರಿಸಿದ. ಜೆರೆಮಯ ಎಂಬ ಗೂಳಿಕಪ್ಪೆ ಬರುವ ಆ ಮೊದಲ ಸಾಲು ರಾಗಕ್ಕೆ ಸುಮ್ಮನೆ ತುಂಬಿಕೊಂಡದ್ದಂತೆ, ಬೇರೆ ಸಾಲು ಸಿಗುವವರೆಗೆ ಇರಲಿ ಎಂದು. ತಂಡದಲ್ಲಿ ಎಲ್ಲರಿಗೂ ಹಾಡು ಹಿಡಿಸಿರಲಿಲ್ಲ. ನಮಗೀಗ ಇಂಥದ್ದೊಂದು ತಲೆಹರಟೆ ಹಾಡು ಬೇಕು ಎಂದು ಹಟ ಹಿಡಿದವನು ನೆಗ್ರಾನ್. ಅವನೇ ಮುಂದಾಳು, ಜೊತೆಗೆ ವಾದ್ಯದವರೂ ಸೇರಿ ಏಳು ಜನರೂ ಬಾಯಿಬಿಟ್ಟರು. 1971ರ ವಸಂತದಲ್ಲಿ ಆರು ವಾರ ನಂಬರ್ ಒನ್, ಬಿಲ್‌ಬೋರ್ಡ್ ಪತ್ರಿಕೆಯ ಇಡೀ ವರ್ಷದ ಪಟ್ಟಿಯಲ್ಲೂ ಮೊದಲ ಸ್ಥಾನ. ನನ್ನನ್ನು ಕೇಳಿದರೆ ಇದು ಅವರ ಅತ್ಯುತ್ತಮ ಹಾಡೇನೂ ಅಲ್ಲ. ಆದರೆ ಶುರುವಿನ ಆ ಬೇಸ್ ಕೀಬೋರ್ಡಿನ ಕುಣಿತ ಮತ್ತು ನೆಗ್ರಾನ್ ಮೊದಲ ಮಾತನ್ನೇ ಕೂಗಿ ಎಸೆಯುವ ರೀತಿ, ಅದಕ್ಕೆ ಎದುರು ಹೇಳುವಂತಿಲ್ಲ.

ಮೂರನೆಯ ನಂಬರ್ ಒನ್ 'ಬ್ಲ್ಯಾಕ್ ಅಂಡ್ ವೈಟ್', 1972ರ ಸೆಪ್ಟೆಂಬರ್. ನೀವು ಹೇಳಿದ ರೆಗ್ಗೆ ಇದೇ ಇರಬೇಕು. ಇದರ ಹಿಂದೆ ದೊಡ್ಡ ಕಥೆಯಿದೆ. ಕರಿಯ ಮಕ್ಕಳಿಗೆ ಬೇರೆ ಶಾಲೆ, ಬಿಳಿಯ ಮಕ್ಕಳಿಗೆ ಬೇರೆ ಶಾಲೆ ಎಂಬ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು, ಬ್ರೌನ್ ಪ್ರಕರಣ ಎಂದೇ ಅದು ಹೆಸರಾಗಿದೆ. ಆ ಸಂಭ್ರಮದಲ್ಲಿ ಡೇವಿಡ್ ಆರ್ಕಿನ್ ಮತ್ತು ಅರ್ಲ್ ರಾಬಿನ್ಸನ್ ಕಟ್ಟಿದ ಹಾಡು ಇದು. ಪೀಟ್ ಸೀಗರ್‌ನಂಥ ಜನಪದ ಗಾಯಕರ ಬಾಯಲ್ಲಿ ಓಡಾಡಿಕೊಂಡಿತ್ತು. ಬ್ರಿಟನ್ನಿನ ಗ್ರೇಹೌಂಡ್ ಎಂಬ ರೆಗ್ಗೆ ತಂಡ 1971ರಲ್ಲಿ ಅದನ್ನು ಹಾಡಿತು, ಅದನ್ನು ಕೇಳಿ ಥ್ರೀ ಡಾಗ್ ನೈಟ್ ಎತ್ತಿಕೊಂಡಿತು. ಹಟನ್ ಮುಂದಾಳಾಗಿ ಹಾಡಿದ ಇದರ ಕೊನೆಗೆ ಮಕ್ಕಳ ಮೇಳವೂ ಸೇರಿಕೊಳ್ಳುತ್ತದೆ. ಜನಪದ ಹಾಡು ಜಮೈಕಾದ ಲಯ ಹತ್ತಿ ಲಾಸ್ ಏಂಜಲಿಸ್‌ಗೆ ಬಂದಿಳಿದಿತ್ತು.

ಆದರೆ ಮೂಲದಲ್ಲಿ ಕರಿ ನಿಲುವಂಗಿ ತೊಟ್ಟ ನ್ಯಾಯಾಧೀಶರನ್ನು ನೆನೆಯುವ ಒಂದು ಚರಣವಿತ್ತು. ಇವರ ಆವೃತ್ತಿಯಲ್ಲಿ ಅದಿಲ್ಲ. ಅದು ಹೋದ ಮೇಲೆ ಕೋರ್ಟೂ ಹೋಯಿತು, ತೀರ್ಪೂ ಹೋಯಿತು. ಉಳಿದದ್ದು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಬಹುದಾದ, ಎಲ್ಲರೂ ಒಂದಾಗೋಣ ಎನ್ನುವ ಸಿಹಿ ಗೀತೆ. ಕರಿಯ ಡ್ರಮ್ಮರ್ ಇದ್ದ ತಂಡ ಅದನ್ನು ದೇಶದ ತುಂಬ ಹಾಡಿದ್ದು ಸಣ್ಣ ಮಾತಲ್ಲ, ಒಪ್ಪುತ್ತೇನೆ. ಆದರೂ ಹಾಡನ್ನು ಬಿಚ್ಚಿ ಜೋಡಿಸುವಾಗ ಮೊಳೆಯೊಂದು ಕೆಳಗೆ ಬಿದ್ದುಹೋಗಿದೆ.

ಅದರ ಮರುವರ್ಷ 3ನೇ ಸ್ಥಾನ ತಲುಪಿದ 'ಶಂಬಾಲಾ' ಕೇಳಿದಾಗ ನಮ್ಮವರಿಗೆ ಕಿವಿ ನೆಟ್ಟಗಾಗುತ್ತದೆ. ಪುರಾಣದಲ್ಲಿ ಕಲ್ಕಿ ಹುಟ್ಟಲಿರುವ ಊರು ಶಂಭಲವೇ, ಟಿಬೆಟ್ಟಿನ ಬೌದ್ಧರ ಮೂಲಕ ಅಮೆರಿಕದ ಹಿಪ್ಪಿಗಳವರೆಗೆ ಹೋಗಿ ಡೇನಿಯಲ್ ಮೂರ್ ಎಂಬುವನ ಹಾಡಿಗೆ ಸೇರಿತು. ಹಾಡಿನಲ್ಲಿ ಪೂರ್ವದ ಸಂಗೀತದ ಸೋಂಕು ಸ್ವಲ್ಪವೂ ಇಲ್ಲ, ಕರಿಯರ ಚರ್ಚುಗಳ ಅಪ್ಪಟ ಗಾಸ್ಪೆಲ್ ಚಪ್ಪಾಳೆ. 1972ರ ಡಿಸೆಂಬರ್ 31ರ ರಾತ್ರಿ ಡಿಕ್ ಕ್ಲಾರ್ಕ್ ಹೊಸ ವರ್ಷದ ಟಿವಿ ಕಾರ್ಯಕ್ರಮವನ್ನು ಮೊದಲ ಬಾರಿಗೆ ನಿರ್ಮಿಸಿದಾಗ ಅದನ್ನು ನಡೆಸಿಕೊಟ್ಟವರು ಇವರೇ, ಕಾರ್ಯಕ್ರಮದ ಹೆಸರಿನಲ್ಲೇ ತಂಡದ ಹೆಸರಿತ್ತು. ಜನಪ್ರಿಯತೆ ಆ ಮಟ್ಟದ್ದು.

ಹಾಗಿದ್ದರೆ ಯಾಕೆ ಮರೆತರು? ನನ್ನ ಪ್ರಕಾರ ಮೊದಲ ಕಾರಣ ಕಾಲಧರ್ಮ. ಫ್ರಾಂಕ್ ಸಿನಾಟ್ರಾ, ಎಲ್ವಿಸ್ ಪ್ರೆಸ್ಲಿ ತಮ್ಮ ಹಾಡುಗಳನ್ನು ತಾವೇ ಬರೆದವರಲ್ಲ, ಯಾರೂ ಕೇಳಲೂ ಇಲ್ಲ. ಬಾಬ್ ಡಿಲನ್ ಮತ್ತು ಬೀಟಲ್ಸ್ ಬಂದಮೇಲೆ ರಾಕ್ ಲೋಕದಲ್ಲಿ ಹೊಸ ಮಡಿ ಶುರುವಾಯಿತು: ತನ್ನ ಹಾಡು ತಾನೇ ಬರೆದವನು ಕಲಾವಿದ, ಉಳಿದವನು ಬರೀ ಮನರಂಜಕ. ಥ್ರೀ ಡಾಗ್ ನೈಟ್ ಕಣ್ಣು ಬಿಟ್ಟದ್ದೇ ಆ ಮಡಿ ಜೋರಾಗಿದ್ದ ಹೊತ್ತಿನಲ್ಲಿ. ಕನ್ನಡದ ಕೇಳುಗರಿಗೆ ಇದು ವಿಚಿತ್ರ ಅನ್ನಿಸಬೇಕು. ಶರೀಫರ ಪದಗಳನ್ನು ಸಿ. ಅಶ್ವತ್ಥ್ ಹಾಡಿದಾಗ, ಕವಿಗಳ ಸಾಲುಗಳನ್ನು ಮೈಸೂರು ಅನಂತಸ್ವಾಮಿ ಹಾಡಿದಾಗ, ನೀವೇ ಬರೆದಿರಾ ಎಂದು ನಾವು ಕೇಳಿದ್ದುಂಟೇ? ಅದರಿಂದ ನಿಮಗೆ ಮೂಗು ಮುರಿಯುವವರು ಆ ಅಮೆರಿಕನ್ ಮಡಿಯನ್ನು ಎರವಲು ತಂದವರು ಎಂದು ತಿಳಿಯಿರಿ.

ಮಡಿಯ ಹಿಂದೆ ದುಡ್ಡೂ ಇತ್ತು. ಅಮೆರಿಕದಲ್ಲಿ 1909ರ ಕಾನೂನಿನ ಪ್ರಕಾರ ಮಾರಾಟವಾದ ಪ್ರತಿ ಹಾಡಿಗೆ ಬರೆದವನ ಕಡೆಗೆ 2 ಸೆಂಟ್. ಈ ದರ 1970ರ ದಶಕದ ಕೊನೆಯವರೆಗೂ ಕದಲಲಿಲ್ಲ. 10 ಲಕ್ಷ ಸಿಂಗಲ್ ಮಾರಿದರೆ 20,000 ಡಾಲರ್, ಅದನ್ನು ಬರೆದವನೂ ಹಾಡಿನ ಹಕ್ಕು ನೋಡಿಕೊಳ್ಳುವ ಪ್ರಕಾಶಕನೂ ಹಂಚಿಕೊಳ್ಳಬೇಕು. ಅದೇ ರೆಕಾರ್ಡಿನ ಹಿಂಬದಿಯಲ್ಲಿರುವ, ಯಾರೂ ಕೇಳದ ಬಿ-ಬದಿಯ ಹಾಡಿಗೂ ಅಷ್ಟೇ ಹಣ. ಇದರ ಮೇಲೆ ರೇಡಿಯೋ. ಅಮೆರಿಕದ ರೇಡಿಯೋ ಕೇಂದ್ರಗಳು ಹಾಡು ಹಾಕಿದಾಗಲೆಲ್ಲ ಬರೆದವನಿಗೂ ಪ್ರಕಾಶಕನಿಗೂ ಸಂಭಾವನೆ ಕೊಡುತ್ತವೆ, ಹಾಡಿದವನಿಗೆ ಬಿಡಿಗಾಸಿಲ್ಲ. ದಶಕಗಳಿಂದ ಇದೇ ನಡೆದುಬಂದಿದೆ. ಕಪ್ಪೆಯ ಹಾಡು ಯಾವ ಸ್ಟೇಷನ್ನಿನಲ್ಲಿ ಮೊಳಗಿದರೂ ಆಕ್ಸ್‌ಟನ್‌ನ ಖಾತೆಗೆ ಏನೋ ಬೀಳುತ್ತಿತ್ತು, ನೆಗ್ರಾನ್‌ನ ಖಾತೆಗೆ ಇಲ್ಲ. ಹಾಡು ಬರೆದ ತಂಡಗಳಿಗೆ ಕೂತಲ್ಲೇ ಬರುವ ಆದಾಯ ಇವರಿಗೆ ಇರಲಿಲ್ಲ, ಆದ್ದರಿಂದ ಬಸ್ಸು ಹತ್ತಿ ಊರೂರು ತಿರುಗಲೇಬೇಕಿತ್ತು. ಭಾರತದಲ್ಲಿ 2012ರ ತಿದ್ದುಪಡಿಯ ನಂತರ ಹಾಡಿದವರಿಗೂ ರಾಯಧನದ ಹಕ್ಕು ಕಾಗದದ ಮೇಲಾದರೂ ಇದೆ.

ಇನ್ನೊಂದು ಕಾರಣ ನೀವೇ ಹೇಳಿದ್ದೀರಿ: ಹಾಡು ಹಾಡಿಗೂ ಬೇರೆ ದನಿ, ಬೇರೆ ಶೈಲಿ. 'ಲಯರ್' ಹಾರ್ಡ್ ರಾಕ್, ಹಟನ್ ಹಾಡಿದ್ದು. 'ನೆವರ್ ಬೀನ್ ಟು ಸ್ಪೇನ್' ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದ ಕಡೆ ವಾಲುವ ಸೋಲ್, ವೆಲ್ಸ್‌ನದು. 'ಆನ್ ಓಲ್ಡ್ ಫ್ಯಾಷನ್ಡ್ ಲವ್ ಸಾಂಗ್' ಮೆತ್ತನೆಯ ಪಾಪ್, ನೆಗ್ರಾನ್‌ನದು. ಮೂರೂ ಟಾಪ್ 10. ರೇಡಿಯೋದಲ್ಲಿ ಕೇಳಿದ ಎಷ್ಟೋ ಜನಕ್ಕೆ ಇವು ಒಂದೇ ತಂಡದವು ಎಂದೇ ಹೊಳೆದಿರಲಿಕ್ಕಿಲ್ಲ. ಹಾಡು ಮನಸ್ಸಿನಲ್ಲಿ ಉಳಿಯಿತು, ತಂಡದ ಮುಖ ಉಳಿಯಲಿಲ್ಲ. ರಾಕ್ ಸಂಗೀತದ ಹಿರಿಯರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ನವರೂ ಅರ್ಹತೆಯ ಗಡುವು ದಾಟಿ ದಶಕಗಳು ಕಳೆದರೂ ಇವರಿಗೆ ಬಾಗಿಲು ತೆರೆಯಲಿಲ್ಲ.

ಇವರ ಬೀಳುಗಾಲ ಹೇಗೆ ಶುರುವಾಯಿತು ಎನ್ನುವುದಕ್ಕೆ 1974ರ 'ದ ಶೋ ಮಸ್ಟ್ ಗೋ ಆನ್' ಕೇಳಿ. ಲಿಯೋ ಸೇಯರ್ ಮತ್ತು ಡೇವಿಡ್ ಕೋರ್ಟ್ನಿ ಬರೆದದ್ದು. ಮುಖಕ್ಕೆ ಬಣ್ಣ ಹಚ್ಚಿದ ವಿದೂಷಕ ಈ ಸರ್ಕಸ್ಸಿನಿಂದ ಬೇಸತ್ತು, ಇನ್ನು ಆಟ ನಡೆಯಗೊಡುವುದಿಲ್ಲ ಎಂದು ತಿರುಗಿ ನಿಲ್ಲುವ ಹಾಡು. ಥ್ರೀ ಡಾಗ್ ನೈಟ್ ಹಾಡುವಾಗ ಆ ಕೊನೆಯ ನಿರಾಕರಣೆ ಬದಲಾಗಿ, ಆಟ ನಡೆಯಲೇಬೇಕು ಎಂದಾಯಿತು. ಸೇಯರ್‌ಗೆ ಇದು ಸರಿಬರಲಿಲ್ಲ, ಸರಿಬರುವಂಥದ್ದೂ ಅಲ್ಲ. 'ಒನ್' ಹಾಡಿನಲ್ಲಿ ಒಂದು ಮಾತನ್ನೂ ಮುಟ್ಟದೆ ಅರ್ಥವನ್ನು ಆಳ ಮಾಡಿದವರು ಇಲ್ಲಿ ಮಾತು ಬದಲಿಸಿ ಹಾಡಿನ ಬೆನ್ನುಮೂಳೆಯನ್ನೇ ಮುರಿದರು. ಹಾಡು 4ನೇ ಸ್ಥಾನಕ್ಕೆ ಹೋಯಿತು, ಅದು ಬೇರೆ ಮಾತು. ಅದೇ ಇವರ ಕೊನೆಯ ಟಾಪ್ 10.

ಆ ಹೊತ್ತಿಗೆ ತಂಡದೊಳಗೂ ಆಟ ನಡೆಯಲೇಬೇಕು ಎಂಬ ಸ್ಥಿತಿ. ಬೇಸ್ ನುಡಿಸುತ್ತಿದ್ದ ಶರ್ಮಿ 1973ರಲ್ಲಿ ಹೊರಬಿದ್ದಿದ್ದ. ಮರುವರ್ಷ ಸ್ನೀಡ್ ಮತ್ತು ಆಲ್ಸಪ್ ಹೋದರು. ಒಳ್ಳೆಯ ಕೈಯ ನಿರ್ಮಾಪಕ ರಿಚರ್ಡ್ ಪೊಡೊಲೊರ್ ಜಾಗಕ್ಕೆ ಬೇರೆಯವರು ಬಂದರು. ಮಾದಕ ದ್ರವ್ಯ ಎಲ್ಲಕ್ಕಿಂತ ಮೊದಲೇ ಒಳಗೆ ಬಂದು ಕೂತಿತ್ತು. ಇಂಥ ತಂಡಕ್ಕೆ ಇದು ಮಾರಕ, ಯಾಕೆ ಗೊತ್ತೇ? ಹಾಡು ಬರೆಯುವವನೊಬ್ಬನಿದ್ದರೆ ಅವನು ಒಂದು ಮೂಲೆಯಲ್ಲಿ ಕೂತು ಬರೆಯಬಹುದು, ಉಳಿದವರು ಜಗಳವಾಡಿಕೊಂಡಿದ್ದರೂ ಹಾಡು ಹುಟ್ಟುತ್ತದೆ. ಇವರದು ಮೂವರೂ ಒಂದು ಕೋಣೆಯಲ್ಲಿ ಕೂತು ಟೇಪಿನ ಮೇಲೆ ಟೇಪು ಕೇಳಿ, ಬೇಡ ಬೇಡ ಎನ್ನುತ್ತಾ ಒಂದನ್ನು ಹಿಡಿಯುವ ಕೆಲಸ. ಹಾಗೆ ಕೂರಲಾಗದ ದಿನ ಕಚ್ಚಾ ಮಾಲೇ ನಿಂತುಹೋಯಿತು. 1975ರ 'ಟಿಲ್ ದ ವರ್ಲ್ಡ್ ಎಂಡ್ಸ್' 32ನೇ ಸ್ಥಾನದಲ್ಲಿ ನಿಂತು, 21 ಹಿಟ್‌ಗಳ ಸಾಲು ಅಲ್ಲಿಗೆ ಮುಗಿಯಿತು. ಹತ್ತನೆಯ ಸ್ಟುಡಿಯೋ ಆಲ್ಬಂ ಬಂದ 1976ರಲ್ಲೇ ತಂಡ ಒಡೆಯಿತು.

ನಂತರದ್ದನ್ನು ಬೇಗ ಹೇಳಿ ಮುಗಿಸಬಹುದು. 1981ರಲ್ಲಿ ಮತ್ತೆ ಕೂಡಿದರು. ಹೆರಾಯಿನ್ ಬಿಡಲಾಗದ ನೆಗ್ರಾನ್‌ನನ್ನು 1985ರಲ್ಲಿ ಕೈಬಿಟ್ಟರು. ಲಕ್ಷಾಂತರ ಜನ ಕೇಳಿದ ಆ ದನಿಯ ಒಡೆಯ ಲಾಸ್ ಏಂಜಲಿಸ್‌ನಲ್ಲಿ ಮನೆಯಿಲ್ಲದವರು ಬೀಡುಬಿಡುವ ಸ್ಕಿಡ್ ರೋ ಬೀದಿಗೆ ಬಿದ್ದ. 1991ರಲ್ಲಿ ಚಟ ಬಿಟ್ಟು, ಆ ನರಕವನ್ನೆಲ್ಲ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದುಕೊಂಡು, ಒಬ್ಬನೇ ಹಾಡುತ್ತಾ ತಿರುಗಿದ. ಹಟನ್ ಮತ್ತು ವೆಲ್ಸ್ ತಂಡದ ಹೆಸರು ಉಳಿಸಿಕೊಂಡು ವರ್ಷಗಟ್ಟಲೆ ವೇದಿಕೆ ಹತ್ತಿದರು, ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆಗೂ ಒಂದು ಆಲ್ಬಂ ಮಾಡಿದರು. 2015ರಲ್ಲಿ ಮಾರ್ಚ್‌ನಲ್ಲಿ ಗ್ರೀನ್‌ಸ್ಪೂನ್, ಅಕ್ಟೋಬರ್‌ನಲ್ಲಿ ವೆಲ್ಸ್ ತೀರಿಕೊಂಡರು. ಹಟನ್ ಹೊಸಬರನ್ನು ಕಟ್ಟಿಕೊಂಡು ಮುಂದುವರಿಸಿದ.

ಇನ್ನು ನಿಮ್ಮ ತಂಡದ ಮಾತು. 1970ರ 'ಸೆಲೆಬ್ರೇಟ್' ಕೇಳಿ, ಅದರಲ್ಲಿ ಮೂವರೂ ಸರದಿಯ ಮೇಲೆ ಮುಂದೆ ಬಂದು ಚರಣ ಹಾಡುತ್ತಾರೆ. ಹಾಡು ಅದೇ ಇದ್ದಾಗ ಕಂಠ ಬದಲಾದರೆ ಏನಾಗುತ್ತದೆ ಎಂಬುದು ಅಲ್ಲಿ ಕಿವಿಗೆ ಹೊಡೆದ ಹಾಗೆ ಗೊತ್ತಾಗುತ್ತದೆ. ನೀವೂ ಹಾಗೇ ಮಾಡಿ. ಯಾವುದೇ ಹಾಡು ಎತ್ತಿಕೊಂಡರೂ ಮೂವರೂ ಪೂರ್ತಿ ಹಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಎರಡು ದಿನ ಬಿಟ್ಟು ಕೇಳಿ, ಆಮೇಲೆ ಮುಂದಾಳು ಯಾರೆಂದು ನಿರ್ಧರಿಸಿ. ಹೋದ ಸಲ ಅವನು ಹಾಡಿದ, ಈ ಸಲ ನನ್ನ ಸರದಿ ಎಂಬ ಪಾಳಿ ಬೇಡ. ಎಲ್ಲರ ಬಾಯಲ್ಲೂ ಇರುವ ಸಿನಿಮಾ ಹಾಡುಗಳನ್ನು ಸದ್ಯಕ್ಕೆ ಬದಿಗಿಟ್ಟು, ಹಳೆಯ ಭಾವಗೀತೆ ಕ್ಯಾಸೆಟ್ಟುಗಳ ಬಿ-ಬದಿಯನ್ನು ಜಾಲಾಡಿ. ಅಲ್ಲಿ ಒಂದೇ ಸಲ ಹಾಡಿ ಬಿಟ್ಟ ಒಳ್ಳೆಯ ರಚನೆಗಳು ಬೇಕಾದಷ್ಟಿವೆ. ಯೂಟ್ಯೂಬಿಗೆ ಹಾಕುವ ಮೊದಲು ಹಕ್ಕು ಯಾರದೆಂದು ವಿಚಾರಿಸಿ ಒಪ್ಪಿಗೆ ಪಡೆಯಿರಿ. ಬರೆದ ಕವಿಯ ಹೆಸರು, ರಾಗ ಹಾಕಿದವರ ಹೆಸರು ನಿಮ್ಮ ತಂಡದ ಹೆಸರಿಗಿಂತ ಮೇಲಿರಲಿ.